ಒಸಗೆ

ಹದಿನೈದು ತುಂಬಿದರೂ ಮಗಳು ಮೈನೆರೆದಿರಲಿಲ್ಲ.

“ಮೆದುಳು ಇನ್ನೂ ಹಾರ್ಮೋನಿಗೆ ಅಪ್ಪಣೆ ಕೊಟ್ಟಿಲ್ಲ, ಅಷ್ಟೇ. ನಿಮ್ಮನೇಲಿ ಬೇರೆ ಯಾರಿಗಾದ್ರೂ ತಡವಾಗಿತ್ತಾ?” ಎಂದು ಡಾಕ್ಟರಮ್ಮ ಕೇಳಿದ್ದರು.

ಅತ್ತೆಯನ್ನು ಕೇಳಲು ತಾಯಿಗೆ ನಾಚಿಕೆ. ಕೇರಿಯವರ ಬಾಯಿ ಮುಚ್ಚಿಸಲು, ಮಗಳು ನೆರೆದಳೆಂದು ಸುಳ್ಳು ಹೇಳಿ ಒಸಗೆ ಇಟ್ಟುಕೊಂಡಳು.

ಹಸೆಯ ಮೇಲೆ ಕೂತ ಮಗಳು ಪಿಸುಗುಟ್ಟಿದಳು: “ಅಮ್ಮ, ನಾನು ಎದ್ದು ಹೋಗ್ತೀನಿ.”

“ಸುಮ್ನೆ ಕೂತ್ಕೊ. ಅಜ್ಜಿ ನೋಡ್ತಾವ್ರೆ.”

ಅತ್ತೆ ಆರತಿ ಎತ್ತಿದರು, ಮೊಮ್ಮಗಳ ಬಾಯಿಗೆ ಚಿಗಳಿ ಉಂಡೆ ಇಟ್ಟರು. ಆಮೇಲೆ ಸೊಸೆಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಇವ್ಳು ನೆರೆದಿಲ್ಲ, ಅಲ್ವಾ?”

ಸೊಸೆಯ ಕಣ್ಣು ನೆಲ ಬಿಟ್ಟು ಏಳಲಿಲ್ಲ. “ತಪ್ಪಾಯ್ತು ಅತ್ತೆ. ನಿಮ್ಗೆ ಹೆಂಗೆ ಗೊತ್ತಾಯ್ತು?”

“ಆ ಮುಖ ನಂಗೊತ್ತು ಕಣೆ. ನಮ್ಮವ್ವನೂ ನನ್ನ ಹಿಂಗೇ ಸುಳ್ಳು ಒಸಗೆಗೆ ಕೂರಿಸಿದ್ಲು.”