ಕೊನೆಯ ಕ್ಲಿಪ್ಪು

ಗ್ರೀಸಿನ ವಾಸನೆ ಬಂದರೆ ಇವತ್ತಿಗೂ ನಾನು ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ.

ರಾಗಿಗುಡ್ಡದ ನಮ್ಮ ಮನೆಯಲ್ಲಿ ಹಳೆಯ ಕಾರೊಂದಿತ್ತು. ಅದರ ಗೇರಿನ ಹಿಡಿ ಸ್ಟೀರಿಂಗ್ ಪಕ್ಕದಲ್ಲೇ ಇತ್ತು. ಹಿಡಿಯನ್ನು ಗೇರುಪೆಟ್ಟಿಗೆಗೆ ಜೋಡಿಸುವ ಒಳಗಿನ ರಾಡುಗಳು ಸವೆದು, ಹೋದಲ್ಲೆಲ್ಲ ಗೇರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಗ ಬಾನೆಟ್ ಎತ್ತಿ, ಸಂದಿಯಲ್ಲಿ ಕೈ ತೂರಿಸಿ ರಾಡು ಬಿಡಿಸಬೇಕು. ಆ ಸಂದಿಯಲ್ಲಿ ನನ್ನ ಪುಟ್ಟ ಕೈ ಮಾತ್ರ ಹಿಡಿಯುತ್ತಿತ್ತು. ಹಾಗಾಗಿ ಮುಂದಿನ ಸೀಟು ನನ್ನದು. "ಇವಳಿಲ್ದೆ ಗಾಡಿ ಹೊರಡಲ್ಲ ಮಾರಾಯ" ಎಂದು ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದರು.

ಆ ಭಾನುವಾರ ಮೆಕ್ಯಾನಿಕ್ ಬಷೀರಣ್ಣ ಭದ್ರಾವತಿಯ ಗುಜರಿಯಿಂದ ಅಂಥದೇ ಕಾರಿನ ರಾಡುಗಳನ್ನು ತಂದರು. "ಹೊಸ ಸೆಟ್ ಯಾಕೆ ಸಾರ್? ರಾಡಿನ ತುದಿಗೆ ಕೂರೋ ಬುಷ್ ಮಾತ್ರ ಹೊಸದಾಗಿ ಲೇತಲ್ಲಿ ಮಾಡಿಸಿದೀನಿ, ಸಾಕು" ಎಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂತಿತು. ರಾಡು ಕಳಚದಂತೆ ಹಿಡಿಯುವ ಕೊನೆಯ ಕ್ಲಿಪ್ಪಿಗೆ ಮಾತ್ರ ಅವರ ದಪ್ಪ ಬೆರಳು ತಲುಪಲಿಲ್ಲ.

"ಬಾ ಬೇಟಿ, ನಿನ್ ಕೈನೇ ಬೇಕು."

ನಾಲಿಗೆ ಕಚ್ಚಿಕೊಂಡು ಒತ್ತಿದೆ. ಟಕ್ ಎಂದಿತು.

ಕೈ ತೊಳೆದು ಬರುವಷ್ಟರಲ್ಲಿ ಮನೆಗೆ ಬಂದಿದ್ದ ಅತ್ತೆ ಮತ್ತು ಅವರ ಮಕ್ಕಳು ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡಲು ಕಾರು ಹತ್ತಿ ಕೂತಾಗಿತ್ತು. ನನ್ನ ಸೀಟಿನಲ್ಲಿ ಅತ್ತೆಯ ಮಗ.

"ಜಾಗ ಇಲ್ಲ ಪುಟ್ಟಿ. ಇನ್ನು ಗೇರ್ ಸಿಕ್ಕಾಕೊಳಲ್ವಲ್ಲ, ನಾವು ಹೋಗ್ಬರ್ತೀವಿ" ಎಂದರು ಅಪ್ಪ, ನಗುತ್ತಲೇ. ಅದು ಸಾಲದೆಂಬಂತೆ ಹಾರನ್ ಬೇರೆ ಹೊಡೆದರು.

ಗೇಟು ಹಿಡಿದು ಕಿವಿಗೊಟ್ಟು ನಿಂತೆ. ಒಂದನೇ ಗೇರು ಬಿತ್ತು. ಎರಡನೆಯದು ಬಿತ್ತು. ತಿರುವಿನಾಚೆ ಮೂರನೆಯದೂ ಬಿತ್ತು. ಕಾರು ಎಲ್ಲೂ ನಿಲ್ಲಲಿಲ್ಲ. ಆ ಕ್ಲಿಪ್ಪನ್ನು ನಾನು ಅಷ್ಟು ಭದ್ರವಾಗಿ ಕೂರಿಸಿದ್ದೆ.