ಕೊನೆಯ ಗೇರು

ಚೈನು ಕೊನೆಯ ಹಲ್ಲುಚಕ್ರಕ್ಕೆ ಇಳಿಯಲೊಲ್ಲದು. ಗಂಡ ಸೈಕಲ್ಲನ್ನು ವರಾಂಡದಲ್ಲಿ ಸ್ಟ್ಯಾಂಡಿಗೆ ಏರಿಸಿ, ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಿಂದ ಪೆಡಲ್ ತಿರುಗಿಸುವುದು ಹೆಂಡತಿಯ ಪಾಲಿನ ಕೆಲಸ.

“ತಿರುಗಿಸ್ತಾ ಇರು, ನಿಲ್ಲಿಸ್ಬೇಡ,” ಎಂದ. ಒಂದೊಂದೇ ಗೇರು ದಾಟಿ ಬಂದ ಚೈನು ಕೊನೆಯದರ ಪಕ್ಕದಲ್ಲಿ ಕಟಕಟ ಎನ್ನುತ್ತ ತಡವರಿಸಿತು. “ನೋಡಿದ್ಯಾ? ಹೊಸ್ತಿಲವರೆಗೆ ಬರುತ್ತೆ, ಒಳಗೆ ಕಾಲಿಡಲ್ಲ. ಮುನಿಸಿಕೊಂಡ ಅಳಿಯನ ಹಾಗೆ.”

“ಹನ್ನೊಂದರಲ್ಲಿ ಹತ್ತು ಇವೆಯಲ್ಲ. ಸಾಲದಾ?”

“ಜೋರಾಗಿ ಹೋಗೋದೇ ಆ ಹನ್ನೊಂದನೇದರಲ್ಲಿ. ಮೂರು ವಾರದಿಂದ ಭಾನುವಾರ ಜೊತೇಲಿ ಸೈಕಲ್ ತುಳಿಯೋರೆಲ್ಲ ನನ್ನನ್ನ ದಾಟಿ ಹೋಗ್ತಿದಾರೆ. ಮೊದಲು ವಯಸ್ಸಾಯ್ತು ಅಂದುಕೊಂಡೆ. ನೋಡಿದ್ರೆ ಗೇರು.”

ಅವಳು ಪೆಡಲ್ ತಿರುಗಿಸುತ್ತಲೇ ಇದ್ದಳು. ಮೂರು ವಾರದ ಹಿಂದೆ ಅವನು ಸ್ನಾನಕ್ಕೆ ಹೋಗಿದ್ದಾಗ, ಗೇರಿನ ಹಿಂಬದಿಯ ಪುಟ್ಟ ಸ್ಕ್ರೂವನ್ನು ಎರಡು ಸುತ್ತು ಬಿಗಿ ಮಾಡಿದವಳು ಅವಳೇ. ಕಳೆದ ವರ್ಷ ಅವನು ಇಳಿಜಾರಿನಲ್ಲಿ ಬಿದ್ದು ಭುಜದ ಎಲುಬು ಮುರಿದುಕೊಂಡ ಮೇಲೆ ಸೈಕಲ್ಲನ್ನು ರಿಪೇರಿಗೆ ಒಯ್ದಿದ್ದರು. ಚೈನು ಎಲ್ಲಿಯವರೆಗೆ ಹೋಗಬಹುದೆಂದು ಗೆರೆ ಎಳೆಯುವುದು ಈ ಸ್ಕ್ರೂ ಎಂದು ಮೆಕ್ಯಾನಿಕ್ ತೋರಿಸುತ್ತಿದ್ದಾಗ ಗಂಡ ಆಚೆ ನಿಂತು ಹೊಸ ಸೈಕಲ್ಲುಗಳ ಬಣ್ಣ ನೋಡುತ್ತಿದ್ದ. ಕಿವಿಗೊಟ್ಟು ಕೇಳಿದ್ದು ಅವಳು. ಹೋಗಬೇಡಿ ಎಂದರೆ ಕೇಳುವ ಮನುಷ್ಯನಲ್ಲ. ಹೋಗಲಿ, ಮೆಲ್ಲಗಾದರೂ ಹೋಗಲಿ. ಸ್ಕ್ರೂ ಬಿಗಿಯಾದ ಮೇಲೆ, ಭಾನುವಾರ ಬೆಳಗ್ಗೆ ಅವನು ಹೊರಟರೆ ಅವಳು ಫೋನನ್ನು ದೂರ ಇಟ್ಟು ಮತ್ತೆ ಹೊದ್ದು ಮಲಗುತ್ತಿದ್ದಳು. ವರ್ಷದಿಂದ ಬಾರದಿದ್ದ ನಿದ್ದೆ ಬರುತ್ತಿತ್ತು.

ಅವನು ಕೇಬಲ್ ಸಡಿಲಿಸಿದ. ಎಣ್ಣೆ ಬಿಟ್ಟ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಗೇರು ನೇತಾಡುವ ಕೊಂಡಿ ಬಗ್ಗಿದೆಯೇ ಎಂದು ನೋಡಿದ. ಅವನ ಬೆರಳು ಆ ಸ್ಕ್ರೂವಿನ ಹತ್ತಿರ ಬಂದಂತೆಲ್ಲ ಪೆಡಲ್ ತಿರುಗುವುದು ನಿಧಾನವಾಯಿತು. ಸ್ಕ್ರೂಡ್ರೈವರ್ ಇಟ್ಟು ಒಂದು ಸುತ್ತು ಬಿಚ್ಚಿದ, ಇನ್ನೊಂದು ಸುತ್ತು. ಚೈನು ಸದ್ದಿಲ್ಲದೆ ಕೊನೆಯ ಚಕ್ರಕ್ಕೆ ಇಳಿದು ಕೂತಿತು.

ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. “ಅದುರಿ ಅದುರಿ ಸ್ಕ್ರೂ ಸಡಿಲ ಆಗೋದು ಗೊತ್ತು. ತಾನಾಗೇ ಬಿಗಿಯಾಗೋ ಸ್ಕ್ರೂನ ಇವತ್ತೇ ನೋಡಿದ್ದು.”

ಅವಳ ಕೈ ನಿಂತಿತು. ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೂ ಪುರುಸೊತ್ತಿಲ್ಲ, ಪೆಡಲ್ ಹಿಡ್ಕೊಂಡಿದೀಯ,” ಎಂದ.

“ಇಳಿಜಾರಲ್ಲಿ ಜೋರಾಗಿ ಹೋಗ್ಬಾರದು ಅಂತ...”

ರೇಗುತ್ತಾನೆ ಎಂದುಕೊಂಡಿದ್ದಳು. ಅವನು ರೇಗಲಿಲ್ಲ. “ಇಳಿಜಾರಲ್ಲಿ ನಾನು ತುಳಿಯೋದೇ ಇಲ್ಲ ಕಣೇ. ಅಲ್ಲಿ ಗೇರಿಗೇನು ಕೆಲಸ? ಪೆಡಲ್ ನಿಲ್ಲಿಸಿ ಬಗ್ಗಿ ಕೂತಿರ್ತೀನಿ, ಸೈಕಲ್ ತಾನೇ ಉರುಳುತ್ತೆ. ನಿನ್ನ ಸ್ಕ್ರೂ ನನ್ನನ್ನ ತಡೆದಿದ್ದು ಸಮತಟ್ಟು ರಸ್ತೇಲಿ.”

“ಹಾಗಾದ್ರೆ ಈ ಮೂರು ವಾರಾನೂ...”

“ಇಳಿಯುವಾಗ ಮೊದಲಿನಷ್ಟೇ ಜೋರು.”

ಅವಳು ಮೆಟ್ಟಿಲ ಮೇಲೆ ಕೂತಳು. ನೆಮ್ಮದಿಯಾಗಿ ಮಲಗಿದ್ದ ಆ ಭಾನುವಾರಗಳು ಒಂದೊಂದಾಗಿ ಬಂದು ಎದೆಯ ಮೇಲೆ ಕೂತವು.

“ಮತ್ತೆ ಅಲ್ಲಿ ನಿಮ್ಮನ್ನ ತಡೆಯೋದು ಏನು?”

ಅವನು ಬಲಗೈ ಎತ್ತಿ ತೋರುಬೆರಳು, ನಡುಬೆರಳು ತೋರಿಸಿದ. “ಬ್ರೇಕ್ ಮೇಲಿರೋ ಇವೆರಡು. ಅಷ್ಟೇ.”

ಇಷ್ಟು ವರ್ಷ ಕಂಡೇ ಇಲ್ಲವೇನೋ ಎಂಬಂತೆ ಅವಳು ಆ ಬೆರಳುಗಳನ್ನು ನೋಡಿದಳು. ಆಮೇಲೆ ತನ್ನ ಮಣಿಕಟ್ಟನ್ನು ಮುಂದೆ ಚಾಚಿದಳು.

“ಬ್ರೇಕ್ ಹಿಡಿಯೋ ಹಾಗೆ ಹಿಡೀರಿ, ನೋಡೋಣ.”

ಹಿಡಿದ. ಅವಳ ಚರ್ಮದ ಮೇಲೆ ಗ್ರೀಸಿನ ಎರಡು ಕಪ್ಪು ಗೆರೆ ಮೂಡಿದವು.

“ಇನ್ನೂ ಗಟ್ಟಿಯಾಗಿ,” ಎಂದಳು.