ನಾಗಲಿಂಗ ಕಾಕಾನ ಕಿವಿ

ಜೇಬಿನೊಳಗಿನ ಫೋನನ್ನು ಮಹೇಶ್ವರಿ ಹೊರಗೆ ತೆಗೆಯದೆಯೇ ಒತ್ತಿದಳು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದಳು.

ಬೂ… ಬೂ…

ಬಾದಾಮಿಯ ಕೆಂಪು ಬಂಡೆಗಳ ನಡುವೆ ಪಕ್ಷಿ ವೀಕ್ಷಕರ ಸಂಘದವರೆಲ್ಲ ನಿಂತಲ್ಲೇ ಕಲ್ಲಾದರು.

"ಕೊಂಬಿನ ಗೂಬಿ!" ನಾಗಲಿಂಗ ಕಾಕಾನ ದನಿ ನಡುಗಿತು. "ತಿರುಗಿ ಬಂದೈತ್ರೋ! ಈ ಗುಡ್ಡದಾಗ ಇನ್ನ ಅದನ್ನ ಕೇಳೂದಿಲ್ಲ ಅಂದ್ಕೊಂಡಿದ್ದೆ."

ಸಂಘದಲ್ಲೊಂದು ಕಟ್ಟಳೆಯಿತ್ತು. ಕಣ್ಣಿಗೆ ಬೀಳದೆ ಬರೀ ಕಿವಿಗೆ ಬಿದ್ದ ಹಕ್ಕಿ ಲೆಕ್ಕಕ್ಕೆ ಸೇರಬೇಕಾದರೆ ಮುಂದಾಳು ನಾಗಲಿಂಗ ಕಾಕಾ ಹೌದೆನ್ನಬೇಕು. ಹೋದ ಚಳಿಗಾಲ ಶಿವಯೋಗ ಮಂದಿರದ ಹೊಳೆದಂಡೆಯಲ್ಲಿ ಇದೇ ಗೂಬೆಯನ್ನು ಕೇಳಿದೆನೆಂದು ಮಹೇಶ್ವರಿ ಕುಣಿದಾಡಿದ್ದಳು. "ತಗಿಯ ತಂಗಿ, ಅದು ನಾಯಿ," ಅಂದುಬಿಟ್ಟಿದ್ದರು ಕಾಕಾ. ಅಂದಿನಿಂದ ಎಲ್ಲಿ ನಾಯಿ ಬೊಗಳಿದರೂ ಸಂಘದವರು ಅವಳ ಮುಖ ನೋಡಿ ನಗುತ್ತಿದ್ದರು. ಅಂಥ ನಗು ಸುಮ್ಮನೆ ಆರುವುದಿಲ್ಲ.

"ಖರೇನ ಕಾಕಾ? ನಾಯಿ ಅಲ್ಲಲ್ರಿ?"

"ನನ್ನ ಕಿವಿ ಸುಳ್ಳಾದ್ರ ಮುಂದಾಳಕಿ ನಿಂದ. ಈ ದುರ್ಬೀನೂ ನಿನ್ನ ಕೊರಳಿಗೆ ಹಾಕ್ತೇನಿ."

ಮಹೇಶ್ವರಿ ಪಕ್ಕದ ಪೊದೆಗೆ ಕೈಹಾಕಿದಳು. ಒಂದು ಗಳಿಗೆ ಕೈ ಅಲ್ಲೇ ನಿಂತಿತು. ಆಮೇಲೆ, ಫೋನಿನಿಂದ ಕೂಗಿಸಲೆಂದು ತಾನೇ ಬಚ್ಚಿಟ್ಟಿದ್ದ, ಚಹಾ ಲೋಟದಷ್ಟು ದಪ್ಪದ ಸ್ಪೀಕರನ್ನು ಎಳೆದು ಎತ್ತಿ ಹಿಡಿದಳು.

"ತಗೋರಿ, ನಿಮ್ಮ ಗೂಬಿ."

ಸಂಘದ ಹುಡುಗ ಇರ್ಫಾನ ಮೊದಲು ಕಿಸಕ್ಕೆಂದ. "ಕಾಕಾ, ನಿಮ್ಮ ಗೂಬಿಗೆ ಚಾರ್ಜಿಂಗ್ ಹಚ್ಚಿ ಬರ್ಲ್ಯಾ?"

ಗುಡ್ಡವೇ ನಕ್ಕಂತಾಯಿತು.

ಕಾಕಾ ಮಾತ್ರ ತಲೆಯೆತ್ತಿ ಬಂಡೆಗಳನ್ನೇ ನೋಡುತ್ತಿದ್ದರು. "ದನಿ ಮ್ಯಾಲಿಂದ ಬಂತಲ್ಲ ತಂಗಿ… ಇನ್ನೊಮ್ಮಿ ಹಾಕು, ಕೇಳೂಣು."

"ಎಷ್ಟ ಸಲ ಕೇಳಿದ್ರೂ ನಿಮಗ ಅದು ಗೂಬಿನ ಅನಸ್ತೈತಿ ಕಾಕಾ. ಸಾಕ್ ಬಿಡ್ರಿ."

ಮತ್ತೆ ನಗು. ಕಾಕಾ ಕೊರಳಿನಿಂದ ದುರ್ಬೀನು ಬಿಚ್ಚಲು ಹೋದರು. ಪಟ್ಟಿ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೊತ್ತು ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ. ಅದನ್ನು ಮಹೇಶ್ವರಿಯ ಕೊರಳಿಗೆ ಹಾಕಿ, "ಕಿವಿ ಹೋದವ್ಗ ಇಲ್ಲೇನ್ ಕೆಲಸವ್ವಾ," ಎಂದು ಮೆಟ್ಟಿಲಿಳಿದರು. ಆಟೋ ಹಿಡಿದು ಹೋದವರು ಮರುದಿನ ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿನಿಂದ ತಮ್ಮ ನಂಬರನ್ನೂ ತೆಗೆಸಿಬಿಟ್ಟರು.

ಗುಡ್ಡದಿಂದಿಳಿದ ಆ ದಿನದ ಮಿರ್ಚಿ, ಚಹಾ ಎಲ್ಲ ಹೊಸ ಮುಂದಾಳಿನ ಖರ್ಚೇ. ಇರ್ಫಾನನಿಗೆ ಇನ್ನೂ ನಗು ತಡೆದಿರಲಿಲ್ಲ.

"ಅಕ್ಕಾ, ಅದನ್ನ ಒಂದ್ ಸಲ ಕೊಡ್ರಿ. ಆ ಕೂಗು ಕೇಳಿಸಿ ನಮ್ಮ ಮನ್ಯಾಗೂ ಚ್ಯಾಷ್ಟಿ ಮಾಡ್ತೇನಿ."

"ನಾಳಿ ಕೊಡ್ತೇನಿ ತಗೋ," ಎಂದು ಮಹೇಶ್ವರಿ ಸ್ಪೀಕರನ್ನು ಚೀಲದ ತಳಕ್ಕೆ ತುರುಕಿದಳು.

ಅದರ ಸ್ವಿಚ್ಚು ಹಾಕುವುದನ್ನೇ ತಾನು ಮರೆತಿದ್ದೆನೆಂದು ಪೊದೆಯಲ್ಲಿ ಕೈಯಿಟ್ಟಾಗಲೇ ಅವಳಿಗೆ ಗೊತ್ತಾಗಿತ್ತು.